ಮಕ್ಕಳ ಜೊತೆ ಹಣ್ಣು ಕೀಳಲು ಯಾವ ತೋಟ? ಮಾವು, ಸೀಬೆ, ದ್ರಾಕ್ಷಿ, ಸಪೋಟ, ಹಲಸು: ಒಂದು ಹೋಲಿಕೆ

ಮಕ್ಕಳನ್ನು ಹಣ್ಣಿನ ತೋಟಕ್ಕೆ ಕರೆದೊಯ್ಯುವಾಗ ಹೆಚ್ಚಿನ ಮನೆಯವರು ಮೊದಲು ದೂರ ಎಷ್ಟು ಎಂದು ನೋಡುತ್ತಾರೆ, ಆಮೇಲೆ ಶುಲ್ಕ, ಊಟದ ವ್ಯವಸ್ಥೆ. ಯಾವ ಹಣ್ಣು ಎನ್ನುವುದು ಕೊನೆಗೆ ಬರುತ್ತದೆ. ಮಕ್ಕಳು ಏನಾದರೂ ಕಲಿಯಲಿ ಎಂಬ ಆಸೆ ಇದ್ದರೆ ಹಣ್ಣಿನಿಂದಲೇ ಶುರು ಮಾಡಬೇಕು. ಮಾವಿನ ಮರದಡಿ ಕಲಿಯುವುದೇ ಬೇರೆ, ದ್ರಾಕ್ಷಿ ಚಪ್ಪರದಡಿ ಕಲಿಯುವುದೇ ಬೇರೆ. ನಾಲ್ಕು ವರ್ಷದ ಮಗುವಿಗೆ ಒಗ್ಗುವ ತೋಟ ಹನ್ನೆರಡು ವರ್ಷದವರಿಗೆ ಅರ್ಧ ಗಂಟೆಯಲ್ಲಿ ಬೇಸರ ತರಿಸುತ್ತದೆ.

ಆಯ್ಕೆಗೆ ನಾವು ಇಟ್ಟುಕೊಳ್ಳುವ ಅಳತೆಗೋಲು ಒಂದೇ: ಮನೆಗೆ ಬಂದ ಮೇಲೆ ಆ ಹಣ್ಣಿನಲ್ಲಿ ನೋಡಲು ಏನು ಉಳಿದಿರುತ್ತದೆ? ತೋಟದಲ್ಲಿ ಸಿಗುವುದು ಎರಡು ಮೂರು ಗಂಟೆ. ಅದರಲ್ಲಿ ಅರ್ಧ ಓಡಾಟಕ್ಕೆ, ತಿನ್ನುವುದಕ್ಕೆ ಹೋಗುತ್ತದೆ, ಹೋಗಲೂ ಬೇಕು. ಮಕ್ಕಳು ಗಮನವಿಟ್ಟು ನೋಡುವುದು ಆಮೇಲಿನ ಒಂದು ವಾರ, ಅಡುಗೆಮನೆಯ ಮೂಲೆಯಲ್ಲಿ. ಮಾವು, ಸಪೋಟ, ಹಲಸನ್ನು ಬಲಿತ ಕಾಯಿಯಾಗಿ ಕಿತ್ತರೂ ಆಮೇಲೆ ಹಣ್ಣಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಡ್ರ್ಯಾಗನ್ ಫ್ರೂಟ್ ಕಿತ್ತಾಗ ಎಷ್ಟು ಸಿಹಿ ಇರುತ್ತವೋ ಅಷ್ಟೇ. ಎಷ್ಟು ದಿನ ಇಟ್ಟರೂ ಸಿಹಿ ಏರುವುದಿಲ್ಲ. ಸೀಬೆ ಇವೆರಡರ ನಡುವೆ ನಿಲ್ಲುತ್ತದೆ. ಈ ಒಂದು ವ್ಯತ್ಯಾಸವನ್ನು ಮಗು ತಾನೇ ಕಂಡುಕೊಂಡರೆ ಪ್ರವಾಸ ಸಾರ್ಥಕ.

ಏಳು ವರ್ಷ ದಾಟಿದವರಿಗೆ ಮಾವು

ಕರ್ನಾಟಕದಲ್ಲಿ ಆಯ್ಕೆ ಇದ್ದರೆ ಮೊದಲ ಮತ ಮಾವಿಗೆ. ರಾಮನಗರದ ಕಡೆ ಏಪ್ರಿಲ್ ಕೊನೆಯ ಹೊತ್ತಿಗೆ ಕಾಯಿ ಇಳಿಸಲು ಶುರು ಮಾಡುತ್ತಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲು ಕಡೆ ಮೇ ನಡುವಿನಿಂದ ಜುಲೈವರೆಗೆ ಸುಗ್ಗಿ. ಬಾದಾಮಿ, ರಸಪುರಿ ಮೊದಲು. ಮಲ್ಲಿಕಾ, ತೋತಾಪುರಿ, ನೀಲಂ ಆಮೇಲೆ. ಧಾರವಾಡದ ಕಡೆಯವರು ಆಪೂಸು ಎನ್ನುವುದು ಇದೇ ಬಾದಾಮಿಯನ್ನು. ಒಂದೇ ತಳಿ ಇರುವ ತೋಟಕ್ಕಿಂತ ಎರಡು ಮೂರು ತಳಿ ಇರುವುದನ್ನು ಆರಿಸಿ. ನೀಲಂ ಮತ್ತು ಮಲ್ಲಿಕಾ ಒಟ್ಟಿಗೇ ಸಿಕ್ಕರೆ ಇನ್ನೂ ಒಳ್ಳೆಯದು: ನೀಲಂ ಮತ್ತು ದಶೇರಿ ಕೂಡಿಸಿ ಹುಟ್ಟಿಸಿದ ತಳಿ ಮಲ್ಲಿಕಾ. ತಾಯಿ ಗಿಡದ ಎಲೆ, ಕಾಯಿಯ ಆಕಾರ, ವಾಟೆಯ ದಪ್ಪ ಮಗಳಲ್ಲಿ ಎಷ್ಟು ಉಳಿದಿದೆ ಎಂದು ಮಕ್ಕಳೇ ಪಕ್ಕಪಕ್ಕ ಇಟ್ಟು ನೋಡಬಹುದು.

ತೋಟದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾಯಿ ಬಲಿತಿದೆಯೆಂದು ಹೇಗೆ ಗೊತ್ತಾಗುತ್ತದೆ? ಎಳೆಯ ಕಾಯಿಯ ಹೆಗಲು ತೊಟ್ಟಿನ ಬುಡದಿಂದ ಕೆಳಕ್ಕೆ ಇಳಿಜಾರಾಗಿರುತ್ತದೆ. ಬಲಿತದ್ದರ ಹೆಗಲು ಉಬ್ಬಿ ತೊಟ್ಟಿನ ಮಟ್ಟಕ್ಕಿಂತ ಮೇಲೆದ್ದು, ತೊಟ್ಟು ಸಣ್ಣ ಗುಳಿಯೊಳಗೆ ಕೂತಂತೆ ಕಾಣುತ್ತದೆ. ಮಗು ಬೆರಳಾಡಿಸಿ ಇದನ್ನು ಗುರುತಿಸಲಿ. ಆಮೇಲೆ ಒಂದು ಬಕೆಟ್ ನೀರು ತರಿಸಿ, ಹತ್ತು ಹನ್ನೆರಡು ಕಾಯಿ ಹಾಕಿಸಿ. ಬಲಿತವು ಸಾಮಾನ್ಯವಾಗಿ ಮುಳುಗುತ್ತವೆ, ಎಳೆಯವು ತೇಲುತ್ತವೆ. ತೇಲಿದ್ದು ಒಂದು, ಮುಳುಗಿದ್ದು ಒಂದು ಕೊಯ್ದು ನೋಡಿ: ಎಳೆಯದರ ತಿರುಳು ಬಿಳಿ, ಬಲಿತದ್ದರಲ್ಲಿ ವಾಟೆಯ ಸುತ್ತ ಹಳದಿ ಹತ್ತಿರುತ್ತದೆ. ಬೆರಳು ಹೇಳಿದ್ದು, ನೀರು ಹೇಳಿದ್ದು, ಚಾಕು ಹೇಳಿದ್ದು ಮೂರೂ ಹೊಂದುತ್ತವೆಯೇ ಎಂದು ಮಗುವೇ ಲೆಕ್ಕ ಹಾಕಲಿ. ಒಂದೆರಡು ಹೊಂದದಿದ್ದರೆ ಅದನ್ನು ಹಾಗೇ ಬರೆದುಕೊಳ್ಳಲಿ, ತಿದ್ದಲು ಹೋಗಬೇಡಿ.

ಮಾವಿನಲ್ಲಿ ಎಡವಟ್ಟಾಗುವುದು ಸೊನೆಯಿಂದ. ತೊಟ್ಟು ಮುರಿದ ಮೊದಲ ಕೆಲವು ಸೆಕೆಂಡು ಸೊನೆ ಚಿಮ್ಮುತ್ತದೆ, ಬೆಳಗಿನ ತಂಪಿನಲ್ಲಿ ಇನ್ನೂ ಜೋರು. ಮಕ್ಕಳ ಚರ್ಮಕ್ಕೆ ತಾಗಿದರೆ ಉರಿ, ಮಾರನೆಯ ದಿನ ಕೆಂಪು ಗುಳ್ಳೆ. ತುಟಿಯ ಸುತ್ತ ಸುಟ್ಟ ಕಲೆ. ಹಾಗಾಗಿ ಕಾಯಿಯನ್ನು ಜಗ್ಗಿ ಕೀಳಬಾರದು, ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತರಿಸಬೇಕು. ಅಷ್ಟು ತೊಟ್ಟು ಇದ್ದರೆ ಸೊನೆ ಹೆಚ್ಚು ಹರಿಯುವುದಿಲ್ಲ. ನೆರಳಿಗೆ ತಂದ ಮೇಲೆ ದೊಡ್ಡವರು ಉಳಿದ ತೊಟ್ಟನ್ನು ಬುಡದಲ್ಲಿ ಮುರಿದು, ಕಾಯಿಯನ್ನು ತಲೆಕೆಳಗಾಗಿ ಅರ್ಧ ಗಂಟೆ ಇಟ್ಟರೆ ಸೊನೆ ಇಳಿದುಹೋಗುತ್ತದೆ. ಸಿಪ್ಪೆಯ ಮೇಲೆ ಹರಿಯಲು ಬಿಟ್ಟರೆ ಹರಿದ ಜಾಡಿನಲ್ಲೇ ಕಪ್ಪು ಗೆರೆ ಬೀಳುತ್ತದೆ. ಒಂದು ಕಾಯಿಯನ್ನು ಬೇಕೆಂದೇ ಹಾಗೆ ಬಿಟ್ಟು ಗುರುತು ಹಾಕಿ, ಮೂರು ದಿನದಲ್ಲಿ ಮಕ್ಕಳಿಗೆ ಕಾರಣ ಕಣ್ಣಿಗೆ ಬೀಳುತ್ತದೆ. ಮೈಗೆ ತಾಗಿದ ಸೊನೆಯನ್ನು ಉಜ್ಜದೆ ಸೋಪಿನಲ್ಲಿ ತಕ್ಷಣ ತೊಳೆಯಬೇಕು. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ದೋಟಿ ಹಿಡಿಯಲು ಎಂಟು ವರ್ಷವಾದರೂ ಆಗಿರಲಿ, ಜೊತೆಗೊಬ್ಬ ದೊಡ್ಡವರ ಕೈ ಇರಲಿ. ತುದಿಯಲ್ಲಿ ಬಲೆ ಚೀಲ ಇಲ್ಲದ ಬರೀ ಕೊಕ್ಕೆಯ ದೋಟಿ ಮಕ್ಕಳಿಗೆ ಬೇಡವೇ ಬೇಡ. ಮೇಲಿಂದ ಬಿದ್ದ ಕಾಯಿ ತಲೆಗೆ ಪೆಟ್ಟು ಮಾಡುತ್ತದೆ, ಕಾಯಿಗೂ ಒಳಪೆಟ್ಟಾಗುತ್ತದೆ. ಬಿದ್ದದ್ದು ಹೊರಗೆ ಚೆನ್ನಾಗಿಯೇ ಕಾಣುತ್ತದೆ, ನಾಲ್ಕೈದು ದಿನಕ್ಕೆ ಪೆಟ್ಟು ಬಿದ್ದ ಜಾಗದಿಂದಲೇ ಕೊಳೆ ಶುರುವಾಗುತ್ತದೆ. ಕೊಂಬೆ ಅಲುಗಿಸಿ ಉದುರಿಸುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಬೇಡ ಎಂದು ಹೇಳುವಾಗ ಈ ಕಾರಣವನ್ನೂ ಹೇಳಿ.

ಇನ್ನು ಮನೆಯ ಕೆಲಸ. ಒಂದೇ ತಳಿಯ, ಒಂದೇ ಗಾತ್ರದ, ನೀರಿನಲ್ಲಿ ಮುಳುಗಿದ ಆರು ಕಾಯಿ ಬೇಕು. ಎರಡು ಹುಲ್ಲು ಹಾಸಿದ ರಟ್ಟಿನ ಡಬ್ಬದಲ್ಲಿ, ಎರಡು ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ, ಎರಡು ಫ್ರಿಜ್ಜಿನ ತರಕಾರಿ ಖಾನೆಯಲ್ಲಿ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಮೂಸಿ, ಮೆಲ್ಲಗೆ ಒತ್ತಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯಬೇಕು. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಆ ಚೀಲದ ಕಾಯಿಗಳನ್ನು ಸಾಮಾನ್ಯವಾಗಿ ಮೊದಲು ಹಣ್ಣು ಮಾಡುತ್ತದೆ. ಹುಲ್ಲಿನಲ್ಲಿಟ್ಟವು ಐದರಿಂದ ಎಂಟು ದಿನದಲ್ಲಿ ಹದಕ್ಕೆ ಬರುತ್ತವೆ. ಫ್ರಿಜ್ಜಿನವು ಹಣ್ಣಾಗದೆ ಸಿಪ್ಪೆ ಮಂಕಾಗುತ್ತದೆ, ಏಕೆಂದರೆ ಹದವಾಗದ ಮಾವು ಸುಮಾರು 12 ಡಿಗ್ರಿಗಿಂತ ಕೆಳಗಿನ ಚಳಿ ತಾಳುವುದಿಲ್ಲ. ದಿನ ಕಳೆದಂತೆ ತೂಕ ಇಳಿಯುವುದೂ ಕಾಣುತ್ತದೆ, ಅದು ಸಿಪ್ಪೆಯ ಮೂಲಕ ಆವಿಯಾದ ನೀರು. ಮಾರುಕಟ್ಟೆಯಲ್ಲಿ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಏಕೆ ನಿಷೇಧಿಸಿದ್ದಾರೆ ಎಂಬ ಮಾತನ್ನು ಈ ಡಬ್ಬ ತೋರಿಸಿಕೊಂಡೇ ಆಡಬಹುದು.

ಸಣ್ಣವರಿಗೆ ಸೀಬೆ

ಮೂರರಿಂದ ಆರು ವರ್ಷದವರಿಗೆ ಸೀಬೆಗೆ ಸಾಟಿಯಿಲ್ಲ. ಒತ್ತಾಗಿ ನೆಟ್ಟು ಸವರಿ ಬೆಳೆಸಿದ ತೋಟದಲ್ಲಿ ಕಾಯಿ ಮಗುವಿನ ಎದೆಮಟ್ಟದಲ್ಲೇ ಸಿಗುತ್ತದೆ. ಮುಳ್ಳಿಲ್ಲ, ಸೊನೆಯಿಲ್ಲ, ತಿರುಚಿದರೆ ಕೈಗೆ ಬರುತ್ತದೆ, ದೋರೆಗಾಯಿಯನ್ನೂ ತಿನ್ನಬಹುದು. ಒಳಗೆ ಬಿಳಿ ಇರುವ ಅಲಹಾಬಾದ್ ಸಫೇದ, ಗುಲಾಬಿ ಇರುವ ಅರ್ಕ ಕಿರಣ್ ಎರಡೂ ಇರುವ ತೋಟ ಸಿಕ್ಕರೆ, ಹೊರಗಿನಿಂದ ಒಳಬಣ್ಣ ಊಹಿಸುವ ಆಟಕ್ಕೇ ಅರ್ಧ ಗಂಟೆ ಸಾಲದು.

ಸೀಬೆ ಗಿಡದಲ್ಲಿ ಮುಟ್ಟಿ ನೋಡಲು ತುಂಬ ಇದೆ. ಹೊಸ ಚಿಗುರಿನ ಕಡ್ಡಿಯನ್ನು ಎರಡು ಬೆರಳ ನಡುವೆ ಉರುಳಿಸಲು ಹೇಳಿ: ಸರಾಗವಾಗಿ ಉರುಳುವುದಿಲ್ಲ, ಅದಕ್ಕೆ ನಾಲ್ಕು ಅಂಚು. ಒಂದು ಗೇಣು ಕೆಳಗಿನ ಹಳೆಯ ಕೊಂಬೆ ದುಂಡಗಾಗಿದೆ, ಕಾಂಡದ ತೊಗಟೆ ಹಾಳೆಯಂತೆ ಸುಲಿದುಹೋಗಿ ಒಳಗೆ ನುಣುಪು. ಹೂ ಬಿಡುವುದು ಈ ಹೊಸ ಚಿಗುರಿನಲ್ಲೇ, ಅದಕ್ಕೇ ರೈತರು ಗಿಡ ಸವರುವುದು. ಕಾಯಿಯ ತಳದಲ್ಲಿ ಒಣಗಿದ ಕಿರೀಟ ಕಾಣುತ್ತದಲ್ಲ, ಅದು ಹೂವಿನ ಪುಷ್ಪಪತ್ರಗಳ ಉಳಿಕೆ. ಸೀಬೆಯಲ್ಲಿ ಹೂ ಇದ್ದದ್ದು ಕಾಯಿಯ ತಳದಲ್ಲಿ. ಸಪೋಟದಲ್ಲಿ ಆ ಗುರುತು ತೊಟ್ಟಿನ ಕಡೆ ಇರುತ್ತದೆ. ಇದನ್ನು ಒಮ್ಮೆ ತೋರಿಸಿದರೆ ಮಕ್ಕಳು ತರಕಾರಿ ಬುಟ್ಟಿಯನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಕಾಲ ನೋಡಿ ಹೋಗಿ. ಮಳೆಗಾಲದ ಫಸಲಿಗೆ ಹಣ್ಣುನೊಣದ ಕಾಟ ಹೆಚ್ಚು, ಸಿಹಿಯೂ ಕಡಿಮೆ. ನವೆಂಬರ್‌ನಿಂದ ಜನವರಿವರೆಗಿನ ಚಳಿಗಾಲದ ಹಣ್ಣು ಗಟ್ಟಿ, ಸಿಹಿ, ಹುಳ ಕಡಿಮೆ. ಹುಳ ಕಂಡು ಕಿರುಚಿ ಎಸೆದರೆ ಒಂದು ಒಳ್ಳೆಯ ಪಾಠ ತಪ್ಪಿಹೋಗುತ್ತದೆ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತಿರುವ ಕಾಯಿಯನ್ನು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಎರಡು ಇಂಚು ತೇವದ ಮರಳಿನ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಬಿಗಿದು ನೆರಳಲ್ಲಿಡಿ. ಹುಳುಗಳು ಹಣ್ಣಿನಿಂದ ಹೊರಬಿದ್ದು ಮರಳಿಗಿಳಿದು ಕೋಶವಾಗುತ್ತವೆ, ಒಂದೆರಡು ವಾರದಲ್ಲಿ ನೊಣ ಬರುತ್ತದೆ. ಉದುರಿದ ಹಣ್ಣನ್ನು ರೈತರು ಆರಿಸಿ ಆಳಕ್ಕೆ ಹೂಳುವುದು ಈ ಚಕ್ರ ಕಡಿಯಲಿಕ್ಕೇ. ನೋಡಿ ಮುಗಿದ ಮೇಲೆ ನೊಣಗಳನ್ನು ಹೊರಗೆ ಬಿಡಬೇಡಿ. ಭರಣಿಯನ್ನು ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು ಎಸೆಯಿರಿ.

ದ್ರಾಕ್ಷಿ: ನೋಡಲು ಚೆಂದ, ಎಚ್ಚರಿಕೆ ಹೆಚ್ಚು ಬೇಕು

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಸುತ್ತಿನ ಚಪ್ಪರಗಳು ಬೆಂಗಳೂರಿನವರಿಗೆ ಹತ್ತಿರ. ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಇಲ್ಲಿನದೇ: ಸಿಪ್ಪೆ ದಪ್ಪ, ಬೀಜ ಉಂಟು, ಹಿಂಡಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಚಪ್ಪರ ಆರಡಿ ಎತ್ತರ ಇರುವುದರಿಂದ ಸಣ್ಣ ಮಕ್ಕಳಿಗೆ ಸ್ಟೂಲು ಬೇಕು, ಇಲ್ಲವೇ ಎತ್ತಿಕೊಳ್ಳಬೇಕು. ಗೊಂಚಲನ್ನು ಕೆಳಗಿನಿಂದ ಅಂಗೈಯಲ್ಲಿ ಹೊತ್ತು, ತೊಟ್ಟಿನಲ್ಲಿ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಬೇಕು. ಎಳೆದರೆ ಕಾಳು ಉದುರುತ್ತದೆ, ಬಳ್ಳಿಯೂ ಸೀಳುತ್ತದೆ.

ಇಲ್ಲಿನ ಪರೀಕ್ಷೆ ನಾಲಗೆಯದು. ಒಂದೇ ಗೊಂಚಲಿನ ಹೆಗಲಿನ ಕಾಳು ಮತ್ತು ತುದಿಯ ಕಾಳು ತಿಂದು ನೋಡಿ. ತುದಿಯದು ಕೊನೆಗೆ ಮಾಗುತ್ತದೆ, ಅದು ಸಿಹಿಯಾದರೆ ಗೊಂಚಲು ಪೂರ್ತಿ ಸಿಹಿ. ಬೆಳೆಗಾರರ ಬಳಿ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಇದ್ದರೆ ಕೇಳಿ, ಒಂದು ಹನಿ ರಸ ಸಾಕು. ನಾಲಗೆ ಹೇಳಿದ ಕ್ರಮವೂ ಮೀಟರಿನ ಅಂಕಿಯೂ ಹೊಂದುವುದನ್ನು ನೋಡಿದ ಮಗು ಅಳತೆ ಎಂದರೇನು ಎಂದು ಮರೆಯುವುದಿಲ್ಲ.

ಆದರೆ ದ್ರಾಕ್ಷಿಗೆ ಔಷಧಿ ಹೊಡೆಯುವುದು ಉಳಿದ ಹಣ್ಣುಗಳಿಗಿಂತ ಹೆಚ್ಚು, ಬೂಜುರೋಗಗಳು ಹಾಗೆ ಕಾಡುತ್ತವೆ. ಎಲೆಯ ಮೇಲೆ ನೀಲಿ ಛಾಯೆಯ ಕಲೆ ಕಂಡರೆ ಅದು ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣ. ಫೋನಿನಲ್ಲೇ ಕೇಳಬೇಕಾದ್ದು: ಕೊನೆಯ ಬಾರಿ ಯಾವ ಔಷಧಿ ಹೊಡೆದಿರಿ, ಅದರ ಕೊಯ್ಲು ಗಡುವು, ಅಂದರೆ ಹೊಡೆದ ಮೇಲೆ ಕೊಯ್ಯುವ ಮುಂಚೆ ಕಾಯಬೇಕಾದ ದಿನಗಳು, ಮುಗಿದಿದೆಯೇ? ಸ್ಪಷ್ಟ ಉತ್ತರ ಬಾರದಿದ್ದರೆ ಆ ತೋಟ ಬಿಡಿ. ಉತ್ತರ ಸಿಕ್ಕರೂ ತೊಳೆಯದೆ ಬಾಯಿಗೆ ಹಾಕಬಾರದು. ಐದು ವರ್ಷದ ಒಳಗಿನವರಿಗೆ ಕಾಳನ್ನು ಉದ್ದಕ್ಕೆ ಸೀಳಿ ಕೊಡಿ. ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು.

ಕಿತ್ತ ಮೇಲೆ ದ್ರಾಕ್ಷಿ ಸಿಹಿ ಏರದ ಕಾರಣ ಮನೆಯ ಪಾಠ ಒಣಗಿಸುವುದರಲ್ಲಿದೆ. ಬೀಜರಹಿತ ದ್ರಾಕ್ಷಿ ಸುಮಾರು ನಾಲ್ಕು ಕಿಲೋಗೆ ಒಂದು ಕಿಲೋ ಒಣದ್ರಾಕ್ಷಿ. ವಿಜಯಪುರದ ಕಡೆ ಶೆಡ್ಡಿನ ನೆರಳಲ್ಲಿ ಹೀಗೆ ಒಣಗಿಸುತ್ತಾರೆ. ಕಾಳಿನ ಮೇಲಿನ ಬೂದಿಬಣ್ಣದ ಮೇಣ ನೀರನ್ನು ಹೊರಗೆ ಬಿಡದು. ಇನ್ನೂರು ಗ್ರಾಂ ಕಾಳನ್ನು ಅರ್ಧ ನಿಮಿಷ ಕುದಿನೀರಿನಲ್ಲಿ ಅದ್ದಿ, ಇನ್ನೂರನ್ನು ಅದ್ದದೆ, ಎರಡು ತಟ್ಟೆಯಲ್ಲಿ ಬಲೆ ಮುಚ್ಚಿ ಬಿಸಿಲಿಗಿಟ್ಟು ದಿನವೂ ತೂಗಿ. ಅದ್ದಿದ್ದು ಬೇಗ ಒಣಗುತ್ತದೆ. ಮೋಡದ ದಿನಗಳಲ್ಲಿ ಇದಕ್ಕೆ ಕೈಹಾಕಬೇಡಿ, ಬೂಷ್ಟು ಹಿಡಿಯುತ್ತದೆ.

ಸುಗ್ಗಿ ತಪ್ಪಿದವರಿಗೆ ಸಪೋಟ

ಸಪೋಟ ವರ್ಷದ ಬಹುಪಾಲು ಸಿಗುತ್ತದೆ. ಒಂದೇ ಮರದಲ್ಲಿ ಮೊಗ್ಗು, ಹೂ, ಹೀಚು, ಬಲಿತ ಕಾಯಿ ಎಲ್ಲ ಒಟ್ಟಿಗೇ ಇರುವುದರಿಂದ ಹೂವಿನಿಂದ ಹಣ್ಣಿನವರೆಗಿನ ಹಂತಗಳನ್ನು ಒಂದೇ ಭೇಟಿಯಲ್ಲಿ ಸಾಲಾಗಿ ಜೋಡಿಸಿ ತೋರಿಸಬಹುದು. ಬೇರೆ ಹಣ್ಣಿನಲ್ಲಿ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬಲಿತದ್ದನ್ನು ಗುರುತಿಸಲು ಉಗುರು ಸಾಕು: ಮೆಲ್ಲಗೆ ಗೀರಿದರೆ ಹಸಿರು ಕಂಡು ಹಾಲು ಜಿನುಗಿದರೆ ಎಳೆಯದು, ಹಳದಿ ಕಂಡು ಹಾಲು ಬಾರದಿದ್ದರೆ ಬಲಿತದ್ದು. ಎಳೆಯದನ್ನು ಕಿತ್ತರೆ ವಾರ ಇಟ್ಟರೂ ಸರಿಯಾಗಿ ಹಣ್ಣಾಗದು, ಬಾಯಿ ಒಗರು ಹಿಡಿಯುತ್ತದೆ. ಗೀರಿದ ಕಾಯಿ ಮರದಲ್ಲಿ ಕೊಳೆಯುವುದರಿಂದ ರೈತರ ಅನುಮತಿ ಕೇಳಿ ಎರಡು ಮೂರರಲ್ಲೇ ನಿಲ್ಲಿಸಿ. ಬೀಜದ ತುದಿಯಲ್ಲಿ ಕೊಕ್ಕೆಯಿದೆ, ನುಂಗಿದರೆ ಗಂಟಲಿಗೆ ಚುಚ್ಚುತ್ತದೆ; ಸಣ್ಣವರಿಗೆ ಬೀಜ ತೆಗೆದೇ ಕೊಡಬೇಕು.

ಹಲಸು, ಕಿತ್ತಳೆ, ಡ್ರ್ಯಾಗನ್ ಫ್ರೂಟ್

ಹಲಸು ಮಕ್ಕಳು ಕೀಳುವ ಹಣ್ಣಲ್ಲ, ಹಗ್ಗ ಕಟ್ಟಿ ಇಳಿಸುವುದನ್ನು ದೂರದಿಂದ ನೋಡುವ ಹಣ್ಣು. ಆದರೆ ಬಿಡಿಸುವಾಗ ಹತ್ತು ವರ್ಷ ದಾಟಿದವರಿಗೆ ಇದಕ್ಕಿಂತ ದೊಡ್ಡ ಪುಸ್ತಕ ಸಿಗದು. ಒಂದು ಹಣ್ಣೆಂದು ಕಾಣುವುದು ನೂರಾರು ಹೂಗಳ ಕೂಟ. ಪ್ರತಿ ತೊಳೆ ಪರಾಗ ಸಿಕ್ಕ ಒಂದು ಹೂ, ನಡುವಿನ ನಾರಿನಂಥ ಎಳೆಗಳು ಪರಾಗ ಸಿಗದ ಹೂಗಳು. ಒಂದು ಹೋಳಿನಲ್ಲಿ ಎರಡನ್ನೂ ಎಣಿಸಿದರೆ ಎಷ್ಟರಲ್ಲಿ ಎಷ್ಟು ಕಾಯಿ ಕಟ್ಟಿದೆ ಎಂದು ಲೆಕ್ಕ ಸಿಗುತ್ತದೆ. ಕೈಗೂ ಚಾಕುವಿಗೂ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಮೇಣ ಅಂಟಿದ ಮೇಲೆ ಸೋಪಿಗೆ ಹೋಗುವುದಿಲ್ಲ. ಬೀಜವನ್ನು ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಕಳೆದುಹೋಗುತ್ತದೆ, ವಾರದೊಳಗೆ ಬಿತ್ತಿ. ಒಂದೇ ಹಣ್ಣಿನ ಬೀಜಗಳಿಂದ ಬಂದ ಗಿಡಗಳ ಹಣ್ಣು ಒಂದರಂತೆ ಒಂದಿರುವುದಿಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಹಲಸು ಎಂಬ ತಳಿಯನ್ನು ಕಸಿ ಕಟ್ಟಿಯೇ ಹಂಚುವುದು ಇದೇ ಕಾರಣಕ್ಕೆ.

ಕೊಡಗಿನ ಕಿತ್ತಳೆಯನ್ನು ಎಳೆದು ಕಿತ್ತರೆ ತೊಟ್ಟಿನ ಸುತ್ತಿನ ಸಿಪ್ಪೆ ಹರಿದು ಅಲ್ಲಿಂದ ಕೊಳೆಯುತ್ತದೆ, ಕತ್ತರಿ ಒಯ್ಯಿರಿ. ಡ್ರ್ಯಾಗನ್ ಫ್ರೂಟಿನ ಹೂ ರಾತ್ರಿ ಅರಳಿ ಬೆಳಿಗ್ಗೆ ಬಾಡುತ್ತದೆ. ತೋಟದಲ್ಲೇ ತಂಗುವ ಅವಕಾಶ ಇದ್ದರೆ ಮಾತ್ರ ಅದಕ್ಕೆ ಅಷ್ಟು ದೂರ ಹೋಗಿ.

ಯಾರ ತೋಟ?

ಶುಲ್ಕ ಕೊಟ್ಟು ಹೋಗುವ ಕೃಷಿ ಪ್ರವಾಸದ ತೋಟಗಳಲ್ಲಿ ಶೌಚಾಲಯ, ನೆರಳು, ಕೈತೊಳೆಯಲು ನೀರು ಇರುತ್ತವೆ, ಸಣ್ಣ ಮಕ್ಕಳಿದ್ದರೆ ಅದೇ ಲೇಸು. ಕೊರತೆ ಎಂದರೆ ಸಮಯ: ಒಂದು ತಂಡದ ಹಿಂದೆ ಇನ್ನೊಂದು ಬರುತ್ತದೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಸುಗ್ಗಿಯಲ್ಲಿ ಬೆಂಗಳೂರಿನಿಂದ ಮಾವಿನ ತೋಟಗಳಿಗೆ ಪ್ರವಾಸ ಏರ್ಪಡಿಸಿದ್ದುಂಟು. ಬೆಳೆಗಾರರಿಂದಲೇ ನೇರ ಖರೀದಿ ಅದರ ಗುಣ. ಪರಿಚಯದ ರೈತರ ತೋಟದಲ್ಲಿ ಕೊಯ್ಲಿನ ದಿನವೇ ಹೋದರೆ ಕೆಲಸ ಹೇಗೆ ಸಾಗುತ್ತದೆ ಎಂದು ಪೂರ್ತಿ ಕಾಣುತ್ತದೆ. ನಮ್ಮ ಒಲವು ಇದಕ್ಕೇ. ಒಂದು ಮಾತು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ: ಎಷ್ಟೋ ಮಾವಿನ ತೋಟಗಳ ಫಸಲನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟಿರುತ್ತಾರೆ. ಆಗ ಮರ ಮಾಲೀಕರದು, ಕಾಯಿ ಗುತ್ತಿಗೆದಾರರದು. ಮಾಲೀಕರು ಬನ್ನಿ ಎಂದರೂ ಕೀಳಲು ಗುತ್ತಿಗೆದಾರರ ಒಪ್ಪಿಗೆ ಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಕೃಷಿ ಹೊಂಡ ಎಲ್ಲಿದೆ ಎಂದು ಕೇಳಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ನುಣುಪಾಗಿ ಜಾರುತ್ತದೆ, ಒಳಗೆ ಬಿದ್ದವರಿಗೆ, ಈಜು ಬಂದವರಿಗೂ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಇಲ್ಲದಿದ್ದರೆ ಮಕ್ಕಳನ್ನು ಆ ಕಡೆ ಬಿಡಲೇಬೇಡಿ, ಒಬ್ಬ ದೊಡ್ಡವರಿಗೆ ಕಾವಲಿನ ಕೆಲಸವನ್ನೇ ಕೊಡಿ. ವಿದ್ಯುತ್ ಬೇಲಿ, ಜೇನುಪೆಟ್ಟಿಗೆ ಇರುವ ಜಾಗವನ್ನೂ ಇಳಿದ ಕೂಡಲೇ ತೋರಿಸಿಬಿಡಿ. ಕಾಲಿಗೆ ಮುಚ್ಚಿದ ಬೂಟು, ಮೈಗೆ ತುಂಬುತೋಳಿನ ಅಂಗಿ. ಮಾವು, ಸಪೋಟ ಮರದಲ್ಲಿ ಕೆಂಪಿರುವೆ ಎಲೆಗಳನ್ನು ಹೆಣೆದು ಗೂಡು ಕಟ್ಟಿರುತ್ತದೆ.

ಒಂದು ಮಗುವಿಗೆ ಎರಡು ಕಿಲೋ ಮಿತಿ ಇಡಿ. ಮಿತಿ ಇದ್ದಾಗ ಮಕ್ಕಳು ಆರಿಸುತ್ತಾರೆ, ಇಲ್ಲದಿದ್ದರೆ ಬರೀ ಚೀಲ ತುಂಬುತ್ತಾರೆ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಿಕೊಂಡು ಹೋಗಬೇಡಿ. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಪ್ರಶ್ನೆ ಸಾಕು. ಹತ್ತು ದಾಟಿದವರಿದ್ದರೆ ತೂಗುವುದು, ಹಣ ಎಣಿಸುವುದು ಅವರದೇ ಕೆಲಸವಾಗಲಿ. ತೋಟದ ದರ, ಮನೆ ಹತ್ತಿರದ ಅಂಗಡಿಯ ದರ ಎರಡನ್ನೂ ಬರೆದು, ನಡುವಿನ ಅಂತರ ಕೊಯ್ಲಿನ ಕೂಲಿ, ಕ್ರೇಟು, ಲಾರಿ ಬಾಡಿಗೆ, ಮಂಡಿ ಕಮಿಷನ್, ಕೊಳೆತು ಹೋದದ್ದು ಎಂದು ಎಲ್ಲೆಲ್ಲಿ ಹಂಚಿಹೋಗುತ್ತದೆ ಎಂದು ರೈತರನ್ನು ಅವರೇ ಕೇಳಲಿ.

ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ ಫೋನ್ ಮಾಡಿ. ಮಳೆ ಬಿದ್ದಿದ್ದರೆ ಒದ್ದೆ ಮಾವು ಕೊಯ್ದರೆ ಬೇಗ ಕೊಳೆಯುತ್ತದೆ, ದ್ರಾಕ್ಷಿ ಕಾಳು ಸೀಳುತ್ತದೆ, ಮಳೆಯ ಬೆನ್ನಿಗೇ ಔಷಧಿಯನ್ನೂ ಹೊಡೆಯುತ್ತಾರೆ. ಅಂಥ ವಾರ ಪ್ರವಾಸ ಮುಂದೂಡಿ, ಹೊಸ ದಿನ ಗೊತ್ತು ಮಾಡುವಾಗ ಔಷಧಿಯ ಪ್ರಶ್ನೆಯನ್ನು ಮತ್ತೆ ಕೇಳಿ.